ಹನುಮಕ್ಕನ ತುಟಿ

ಕುಷ್ಠರೋಗ ಪತ್ತೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಮನೆಗೆ ಬಂದರೆ ಕೇಳುವ ಮೊದಲ ಪ್ರಶ್ನೆ, "ಸಾರ್, ನೀವು ಒಟ್ಟು ಎಷ್ಟು ರೋಗಿಗಳನ್ನ ಪತ್ತೆ ಮಾಡಿದ್ರಿ?" ಎಂದು. ನನಗೆ ನೆನಪಿಲ್ಲ. ಆ ರಿಜಿಸ್ಟರುಗಳು ಯಾವ ಗೆದ್ದಲಿನ ಹೊಟ್ಟೆ ಸೇರಿದವೋ ಗೊತ್ತಿಲ್ಲ. ಆದರೆ ರೋಗವೇ ಇಲ್ಲದ ಒಬ್ಬ ಹೆಂಗಸನ್ನು ನಾನು ರೋಗಿ ಮಾಡಿದ್ದು ಚೆನ್ನಾಗಿ ನೆನಪಿದೆ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದು ತುಟಿಯ ಬಗ್ಗೆ ಬರೆಯುತ್ತೇನೆ. ಅದು ನನಗೆ ಕಲಿಸಿದಷ್ಟನ್ನು ಯಾವ ತರಬೇತಿಯೂ ಕಲಿಸಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಕುಷ್ಠರೋಗ ಪತ್ತೆ ಮಾಡುವ ಕಾರ್ಯಕರ್ತನಾಗಿ ಸೇರಿದೆ. ಮೊದಲು ಅಜ್ಜಂಪುರದ ಕಡೆ, ಆಮೇಲೆ ಕಡೂರು. ನಾನು ಡಾಕ್ಟರಲ್ಲ. ಕೆಲವು ತಿಂಗಳ ತರಬೇತಿ, ಒಂದು ಸೈಕಲ್ಲು, ಒಂದು ಚರ್ಮದ ಚೀಲ, ಇಷ್ಟೇ ನನ್ನ ಬಂಡವಾಳ. ಚೀಲದಲ್ಲಿ ಹತ್ತಿ, ಗುಂಡುಸೂಜಿ, ಗಾಜಿನ ಪಟ್ಟಿ, ಬ್ಲೇಡು, ಮಾತ್ರೆಯ ಡಬ್ಬ ಮತ್ತು ಒಂದು ಸೀಸೆ ನೀಲಿ ಔಷಧಿ. ಮನೆಮನೆಗೆ ಹೋಗಿ ಜನರ ಮೈಮೇಲಿನ ಮಚ್ಚೆ ನೋಡಬೇಕು. ಮಚ್ಚೆಗೆ ಹತ್ತಿಯ ಎಳೆ ತಾಗಿಸಿ ಸ್ಪರ್ಶ ಇದೆಯೇ ಎಂದು ಕೇಳಬೇಕು. ಸ್ಪರ್ಶ ಹೋಗಿದ್ದರೆ, ನರ ದಪ್ಪವಾಗಿದ್ದರೆ, ಹೆಸರು ಬರೆದುಕೊಂಡು ಕಿವಿಯ ಹಾಲೆಯಿಂದ ಚೂರು ರಸ ತೆಗೆದು ಗಾಜಿಗೆ ಬಳಿದು ಪರೀಕ್ಷೆಗೆ ಕಳಿಸಬೇಕು. ಹೀಗಾಗಿ ಜನ ನನ್ನನ್ನು 'ಚುಚ್ಚೋ ಸಾರ್' ಎಂದು ಕರೆಯುತ್ತಿದ್ದರು.

ಈ ಚುಚ್ಚುವ ಕೆಲಸ ನೋಡುವುದಕ್ಕೆ ಸುಲಭ. ಲಿಂಗದಹಳ್ಳಿಯ ಒಬ್ಬ ರೈತರ ಬೆನ್ನಿನ ಮೇಲೆ ಅಂಗೈಯಗಲದ ಮಚ್ಚೆ ಇತ್ತು. ನಾನು ಅವರ ಕಣ್ಣು ಮುಚ್ಚಿಸಿ ಹತ್ತಿ ತಾಗಿಸಿದಾಗಲೆಲ್ಲ "ಹೂಂ, ತಾಗ್ತು" ಅನ್ನುತ್ತಿದ್ದರು. ಸ್ಪರ್ಶ ಇದೆ, ಬೇರೇನೋ ಚರ್ಮದ ಕಾಯಿಲೆ ಎಂದು ಬಿಟ್ಟು ಬಂದೆ. ಮರುವರ್ಷ ಹೋದಾಗ ಕೈಬೆರಳು ಮಡಚಿಕೊಂಡಿದ್ದವು. ಆಮೇಲೆ ಅವರೇ ಹೇಳಿದರು, "ನೀವು ತಾಗ್ಸೋ ಮುಂಚೆ ಉಸಿರು ಬಿಗಿ ಹಿಡೀತಿದ್ರಿ ಸಾರ್. ನಾನು ಅದನ್ನ ಕೇಳ್ಕಂಡು ಹೂಂ ಅಂತಿದ್ದೆ. ಆ ರೋಗ ಇಲ್ಲ ಅಂತ ನಿಮ್ ಬಾಯಲ್ಲಿ ಕೇಳ್ಬೇಕಿತ್ತು, ಅಷ್ಟೇಯ." ಆವತ್ತಿನಿಂದ ನಾನು ಹತ್ತಿ ತಾಗಿಸದೆಯೂ ಒಮ್ಮೊಮ್ಮೆ ಉಸಿರು ಬಿಗಿ ಹಿಡಿಯುವ ಅಭ್ಯಾಸ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ಒಬ್ಬ ರೋಗಿ ಕೈತಪ್ಪಿ ಹೋದ ಮೇಲೆ ಮನುಷ್ಯ ಏನು ಮಾಡುತ್ತಾನೆ? ಎಲ್ಲರಲ್ಲೂ ರೋಗ ಹುಡುಕುತ್ತಾನೆ. ನಾನೂ ಹುಡುಕಿದೆ. ಬಸ್ಸಿನಲ್ಲಿ ಎದುರು ಕೂತವರ ಕಿವಿ ನೋಡುತ್ತಿದ್ದೆ, ಮದುವೆ ಮನೆಯಲ್ಲಿ ಬಡಿಸುವವರ ಬೆರಳು ನೋಡುತ್ತಿದ್ದೆ. ನನ್ನ ಹೆಂಡತಿ ವಿಶಾಲ, "ನಿಮ್ಮ ಜೊತೆ ಎಲ್ಲೂ ಬರೋದೇ ಬೇಡ ಅನ್ಸುತ್ತೆ" ಎಂದು ರೇಗುತ್ತಿದ್ದಳು. ಇಂಥ ಕಣ್ಣು ಹೊತ್ತುಕೊಂಡು ನಾನು ಸಿಂಗಟಗೆರೆಗೆ ಸರ್ವೆಗೆ ಹೋದೆ.

ಹನುಮಕ್ಕ ಆ ಊರಿನ ಸೂಲಗಿತ್ತಿ. ಐವತ್ತರ ಆಸುಪಾಸು, ವಿಧವೆ. ಸುತ್ತಲ ಹಳ್ಳಿಗಳಲ್ಲಿ ಬಹಳ ಮಕ್ಕಳು ಆಕೆಯ ಕೈಗೇ ಬಿದ್ದವರು. ಹೆರಿಗೆ ಇಲ್ಲದ ದಿನ ಕೂಲಿಗೆ ಹೋಗುತ್ತಿದ್ದರು. ಬಿಸಿಲಿನಲ್ಲಿ ಕೊಬ್ಬರಿ ಹರವುವುದು, ರಾಗಿ ಹೊಲದ ಕಳೆ. ನಾನು ಹೋದಾಗ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದರು. ಕೆಳತುಟಿ ದಪ್ಪಗೆ ಊದಿ ಹೊರಕ್ಕೆ ಮಗುಚಿಕೊಂಡಿತ್ತು. ಅಲ್ಲಲ್ಲಿ ಸಿಪ್ಪೆ ಎದ್ದು, ಅಂಟಂಟಾಗಿ ಹೊಳೆಯುತ್ತಿತ್ತು. ಸೆರಗಿನ ತುದಿಯಿಂದ ಆಗಾಗ ಒತ್ತಿಕೊಳ್ಳುತ್ತಿದ್ದರು.

"ಎಷ್ಟು ದಿನದಿಂದ ಹಿಂಗೈತೆ?" ಎಂದೆ.

"ವರ್ಸದ ಮೇಲಾಯ್ತು ಸಾರ್. ಬೆಳಿಗ್ಗೆ ಎದ್ರೆ ಎರಡು ತುಟೀನೂ ಮೆತ್ಕಂಡಿರ್ತವೆ. ಬಿಸ್ನೀರು ಹಾಕಿ ಬಿಡಿಸ್ಕಬೇಕು. ಉರೀನೂ ಐತೆ."

ಈ ನಾಲ್ಕು ಮಾತಿನಲ್ಲಿ ಇಡೀ ರೋಗವಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಮುಖ ಊದುವುದು, ಕಿವಿ ತುಟಿ ದಪ್ಪವಾಗುವುದು ನಾನು ಹುಡುಕುತ್ತಿದ್ದ ರೋಗದಲ್ಲೂ ಉಂಟು. ಅದೊಂದೇ ತಲೆಯಲ್ಲಿತ್ತು. ತೋಳು, ಬೆನ್ನು, ಕಾಲು ನೋಡಿದೆ, ಮಚ್ಚೆ ಇರಲಿಲ್ಲ. ಮೊಣಕೈಯ ನರ ಮುಟ್ಟಿ ನೋಡಿದೆ, ಸರಿಯಾಗಿತ್ತು. ತುಟಿಯನ್ನು ಮಾತ್ರ ಮುಟ್ಟಲಿಲ್ಲ. ಪರ ಹೆಂಗಸಿನ ತುಟಿಗೆ, ಅದೂ ಅಂಗಳದಲ್ಲಿ ನಾಲ್ಕು ಜನ ನೋಡುತ್ತಿರುವಾಗ, ನಾನು ಹೇಗೆ ಹತ್ತಿ ತಾಗಿಸುವುದು? ಆಕೆಗೂ ಸಂಕೋಚ, ನನಗೂ ಸಂಕೋಚ. ಕೈಗೆ, ಕಾಲಿಗೆ, ಬೆನ್ನಿಗೆ ಸೂಜಿ ಒತ್ತಿದವನು ಇಡೀ ಮೈಯಲ್ಲಿ ರೋಗ ಕಾಣುತ್ತಿದ್ದ ಒಂದೇ ಜಾಗವನ್ನು ಬಿಟ್ಟುಬಿಟ್ಟೆ. ಮುಟ್ಟಿದ್ದರೆ "ಅಯ್ಯೋ ಉರಿ" ಎಂದು ಆಕೆ ಕೂಗುತ್ತಿದ್ದರು, ಸ್ಪರ್ಶ ಇದೆ ಎಂದು ನನಗೆ ಆ ಕ್ಷಣವೇ ತಿಳಿಯುತ್ತಿತ್ತು. ಮರ್ಯಾದೆ ಕಾಪಾಡಲು ಹೋಗಿ ಆಕೆಯ ಮರ್ಯಾದೆಯನ್ನೇ ಕಳೆದೆ.

ರಿಜಿಸ್ಟರಿನಲ್ಲಿ 'ಅನುಮಾನ' ಎಂದು ಬರೆದೆ. ಕಿವಿಯ ರಸ ತೆಗೆದೆ. ತುಟಿಗೆ ಹಚ್ಚಿಕೊಳ್ಳಿ ಎಂದು ನೀಲಿ ಔಷಧಿ ಕೊಟ್ಟೆ. ಆ ಕಾಲದಲ್ಲಿ ಬಾಯಿಹುಣ್ಣು, ಗಾಯ, ಕಜ್ಜಿ ಎಲ್ಲಕ್ಕೂ ಅದೇ ನೀಲಿ. ಮೂರು ದಿನ ಬಿಟ್ಟು ಎರಡನೇ ಸಲ ರಸ ತೆಗೆಯಲು ಹೋದೆ. ನನ್ನ ಮೇಲಧಿಕಾರಿ ಬಹಳ ಬುದ್ಧಿವಂತರು, ಅವರು ಮೊದಲೇ ಎಚ್ಚರಿಸಿದ್ದರು: "ಸೈಕಲ್ನ ಕೆರೆ ಏರಿ ಮೇಲೇ ಬಿಟ್ಟು ನಡ್ಕಂಡು ಹೋಗಯ್ಯ. ಅದು ಒಂದೇ ಮನೆ ಮುಂದೆ ಎರಡು ಸಲ ನಿಂತ್ರೆ ಊರೇ ಓದ್ಕಂಬಿಡುತ್ತೆ." ಆವತ್ತು ಬಿಸಿಲು ಜಾಸ್ತಿ ಇತ್ತು. ನಾನು ಸೈಕಲ್ಲನ್ನು ಆಕೆಯ ಬಾಗಿಲಿಗೇ ಒರಗಿಸಿದೆ.

ಊರು ಓದಿಕೊಂಡಿತು. ರೋಗದ ಹೆಸರನ್ನು ಯಾರೂ ಬಾಯಲ್ಲಿ ಆಡಲಿಲ್ಲ, 'ದೊಡ್ಡ ರೋಗ' ಅಂದರೆ ಸಾಕಾಗಿತ್ತು. ತಿಂಗಳೊಳಗೆ ಹನುಮಕ್ಕನನ್ನು ಹೆರಿಗೆಗೆ ಕರೆಯುವುದು ನಿಂತುಹೋಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಚೌಳಹಿರಿಯೂರಿನಿಂದ ಬಂತು. ಹನುಮಕ್ಕನಿಗೆ ಜಯಮ್ಮ ಎಂಬ ಒಬ್ಬಳೇ ಮಗಳು. ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದರು. ಆಗ ಅವಳಿಗೆ ನಾಲ್ಕು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಏಳರಲ್ಲಿ ಕರೆದುಕೊಂಡು ಬರುವುದು ಎಂದು ಮಾತಾಗಿತ್ತು. ಜಯಮ್ಮನ ಅತ್ತೆ ಕೆಂಚಮ್ಮ ಹೇಳಿ ಕಳಿಸಿದರು, ಹುಡುಗಿಯನ್ನು ತವರಿಗೆ ಕಳಿಸುವುದಿಲ್ಲ, ಹೆರಿಗೆ ಆದ ಮೇಲೂ ಬೀಗಿತ್ತಿ ಮಗುವನ್ನು ಮುಟ್ಟಲು ಬರಬಾರದು. ಊರಿನ ಮಕ್ಕಳನ್ನೆಲ್ಲ ಎತ್ತಿ ಇಳಿಸಿದ ಹೆಂಗಸಿಗೆ ಸ್ವಂತ ಮೊಮ್ಮಗು ಇಲ್ಲ ಎಂದಾಯಿತು.

ಮೂರು ಸಲ ರಸ ಪರೀಕ್ಷೆ ಮಾಡಿಸಿದೆ. ಮೂರೂ ಸಲ ಏನೂ ಇಲ್ಲ ಎಂದು ಬಂತು. ಆದರೂ ತುಟಿ ಕಣ್ಣೆದುರು ಹಾಗೇ ಇತ್ತಲ್ಲ! "ರಸದಲ್ಲಿ ಸಿಗದಿದ್ದರೂ ರೋಗ ಇರಬಹುದು" ಎಂದು ನಾನೇ ನನಗೆ ಹೇಳಿಕೊಂಡೆ. ತಪ್ಪು ಮಾಡಿದವನಿಗೆ ತಪ್ಪನ್ನು ಸಮರ್ಥಿಸುವ ಜ್ಞಾನ ಎಲ್ಲಿಂದಲೋ ಹರಿದು ಬರುತ್ತದೆ. ಹೋದಾಗಲೆಲ್ಲ ಇನ್ನೊಂದು ಸೀಸೆ ನೀಲಿ ಕೊಟ್ಟು ಬರುತ್ತಿದ್ದೆ.

ಹನುಮಕ್ಕ ಒಂದು ದಿನ ನನ್ನನ್ನು ನೇರವಾಗಿ ಕೇಳಿದರು, "ಸಾರ್, ನನ್ ತುಟಿಗೆ ಏನಾಗೈತೆ ಅಂತ ನಿಮ್ಗೆ ಗೊತ್ತಾ?"

"ಪರೀಕ್ಷೆ ಮಾಡ್ತಾ ಇದೀವಿ."

"ಗೊತ್ತಿಲ್ಲ ಅಂತ ಹೇಳಿ. ಕೂಸು ಯಾವ ಕಡೆ ತಿರುಗೈತೆ ಅಂತ ನಂಗೆ ತಿಳೀದಿದ್ರೆ ನಾನು ತಿಳೀದು ಅಂತೀನಿ. ಗೊತ್ತಿರೋರು ಯಾರಾನ ಇದ್ರೆ ಅಲ್ಲಿಗೆ ಕರ್ಕಂಡ್ ಹೋಗಿ."

ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ನಾಚಿಕೆಯಾಗುವುದಕ್ಕೆ ಎರಡು ದಿನ ಹಿಡಿಯಿತು, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಮೇಲಧಿಕಾರಿಗೆ ಎಲ್ಲವನ್ನೂ ತಿಳಿಸಿದೆ. ಅವರು ಬೈಯಲಿಲ್ಲ. "ತರೀಕೆರೆಯಲ್ಲಿ ಹಲ್ಲಿನ ಸಾಹೇಬರು ಅಂತ ಇದಾರೆ. ಬಾಯಿಯ ಒಳಗಿರೋದೆಲ್ಲ ಅವರಿಗೆ ಗೊತ್ತು. ಅಲ್ಲಿಗೆ ಕರ್ಕಂಡು ಹೋಗು, ನೀನೇ ಹೋಗು" ಎಂದರು.

ಹಲ್ಲಿನ ಸಾಹೇಬರ ಹೆಸರು ಡಾಕ್ಟರ್ ಫಕ್ರುದ್ದೀನ್. ಅವರ ಮನೆತನ ತಲೆಮಾರುಗಳಿಂದ ತರೀಕೆರೆಯದ್ದು. ಎತ್ತರದ ಆಳು, ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಒಳಗಿನ ಕೋಣೆಯಿಂದ ಹೆಂಡತಿ ದಖನಿ ಉರ್ದುವಿನಲ್ಲಿ ಏನೋ ಕೇಳಿದರೆ ಅದರಲ್ಲೇ ಉತ್ತರ ಕೊಟ್ಟು, ನಮ್ಮ ಕಡೆ ತಿರುಗಿ ಶುದ್ಧ ಕನ್ನಡದಲ್ಲಿ ಮಾತು ಮುಂದುವರಿಸುತ್ತಿದ್ದರು. ಹಲ್ಲು ಕೊರೆಯುವ ಯಂತ್ರಕ್ಕೆ ಕರೆಂಟು ಇರಲಿಲ್ಲ, ಕಾಲಿನಿಂದ ತುಳಿಯುತ್ತಿದ್ದರು. ಕಡೂರಿನಿಂದ ಬೀರೂರು ದಾಟಿ ನಾವು ಬಸ್ಸಿನಲ್ಲಿ ಅಲ್ಲಿಗೆ ಹೋದೆವು. ಹನುಮಕ್ಕ ದಾರಿಯುದ್ದಕ್ಕೂ ಸೆರಗು ಬಾಯಿಗೆ ಹಿಡಿದೇ ಇದ್ದರು.

ಸಾಹೇಬರು ತುಟಿ ನೋಡಿದರು. ನೋಡಿದ್ದು ಒಂದೇ ಕ್ಷಣ.

"ಈ ನೀಲಿ ಬಳಿದ ಕಲಾವಿದರು ಯಾರು?"

"ನಾನೇ ಸಾರ್."

"ಒಳ್ಳೇ ಕೆಲಸ. ಗೋಡೆಗೆ ಸುಣ್ಣ ಬಳಿದ ಮೇಲೆ ಬಿರುಕು ಎಲ್ಲಿದೆ ಅಂತ ಹುಡುಕೋಕೆ ನನ್ನನ್ನ ಕರೀತಿದೀರಿ." ಆಮೇಲೆ ಹನುಮಕ್ಕನ ಕಡೆ ತಿರುಗಿ ದನಿ ಮೆತ್ತಗೆ ಮಾಡಿಕೊಂಡರು. "ಅಮ್ಮಾ, ಒಂದು ವಾರ ಇದಕ್ಕೆ ಏನೂ ಹಚ್ಚಬೇಡಿ. ದಿನಾ ಕೊಬ್ಬರಿ ಎಣ್ಣೆಯಲ್ಲಿ ಮೆತ್ತಗೆ ಒರೆಸಿ. ಬಣ್ಣ ಪೂರ್ತಿ ಹೋದ ಮೇಲೆ ಬನ್ನಿ."

ಒಂದು ವಾರ ಬಿಟ್ಟು ಮತ್ತೆ ಹೋದೆವು. ಆ ದಿನದ್ದನ್ನು ನಾನು ನಿಧಾನವಾಗಿ ಬರೆಯುತ್ತೇನೆ, ನೀವೂ ನಿಧಾನವಾಗಿ ಓದಿ.

ಅವರು ಹನುಮಕ್ಕನನ್ನು ಕಿಟಕಿಯ ಬೆಳಕಿಗೆ ಕೂರಿಸಿದರು. "ಅಮ್ಮಾ, ನಿಮ್ಮ ತುಟಿ ಮುಟ್ಟಬಹುದಾ?" ಎಂದು ಕೇಳಿದರು. ಅಷ್ಟೇ. ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು. ಅದು ನನಗೆ ಯಾಕೆ ಹೊಳೆಯಲಿಲ್ಲವೋ! ಹನುಮಕ್ಕ ತಲೆಯಾಡಿಸಿದರು. ಸಾಹೇಬರು ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿದರು.

"ಅಯ್ಯ, ಕಚಗುಳಿ ಆಯ್ತದೆ ಸಾಹೇಬ್ರೇ. ಈಗ ಎಡಕ್ಕೆ. ಈಗ ನಡುವೆ. ಅಲ್ಲಿ ಉರಿ, ಮೆಲ್ಲಗೆ."

ಸಾಹೇಬರು ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ತುಟಿಯನ್ನು ಒಳಮಗ್ಗುಲು ಕಾಣುವಂತೆ ಹೊರಳಿಸಿ, ಶಾಯಿ ಹೀರುವ ಹೊಸ ಬ್ಲಾಟಿಂಗ್ ಕಾಗದದ ತುಂಡಿನಿಂದ ಮೆತ್ತಗೆ ಒತ್ತಿ ಒಣಗಿಸಿದರು. ಕೈ ಹಿಂದಕ್ಕೆ ತೆಗೆದು ಗಡಿಯಾರ ನೋಡುತ್ತಾ ಸುಮ್ಮನೆ ಕೂತರು. ನಾನು ಏನೋ ಕೇಳಲು ಬಾಯಿ ತೆರೆದೆ. "ಶ್! ಅದು ಮಾತಾಡಲಿ" ಎಂದರು.

ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಣಗಿದ ತುಟಿಯ ಮೇಲೆ ಒಂದು ಹನಿ ಮೂಡಿತು, ಸಾಸಿವೆಗಿಂತ ಚಿಕ್ಕದು. ಅದರ ಪಕ್ಕ ಇನ್ನೊಂದು. ನೋಡುತ್ತಿದ್ದ ಹಾಗೇ ತುಟಿಯುದ್ದಕ್ಕೂ ಸಾಲಾಗಿ ಹನಿಗಳು ಎದ್ದವು. ಸಾಹೇಬರು ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಪ್ರತಿ ಹನಿಯ ಕೆಳಗೂ ಸೂಜಿಮೊನೆಯಷ್ಟು ಕೆಂಪು ರಂಧ್ರ ಇತ್ತು. ಅವರು ತುಟಿಯನ್ನು ಎರಡು ಬೆರಳಿನಿಂದ ಹಗುರವಾಗಿ ಒತ್ತಿದಾಗ ಹನಿಗಳು ದಪ್ಪಗಾಗಿ ಒಂದಕ್ಕೊಂದು ಸೇರಿಕೊಂಡವು. ಈ ಕೆಂಪು ಚುಕ್ಕಿಗಳನ್ನೇ ನಾನು ತಿಂಗಳುಗಟ್ಟಲೆ ನೀಲಿಯಲ್ಲಿ ಮುಚ್ಚಿಟ್ಟಿದ್ದೆ.

"ತುಟಿಯ ಒಳಗೆ ಎಂಜಲು ಮಾಡುವ ಪುಟ್ಟ ಪುಟ್ಟ ಗ್ರಂಥಿಗಳಿವೆ. ನಿಮಗೂ ಇವೆ, ನನಗೂ ಇವೆ, ನಮಗೆ ಅವು ಇರೋದೇ ಗೊತ್ತಾಗಲ್ಲ" ಎಂದು ಸಾಹೇಬರು ವಿವರಿಸಿದರು. "ಈ ಅಮ್ಮನ ಗ್ರಂಥಿಗಳು ಉರಿಯೂತದಿಂದ ಊದಿವೆ. ಅವುಗಳ ಬಾಯಿ ಅಗಲವಾಗಿ ಅಂಟು ಸುರಿಸ್ತಾ ಇವೆ. ಅದಕ್ಕೇ ಬೆಳಿಗ್ಗೆ ತುಟಿ ಮೆತ್ತಿಕೊಳ್ಳೋದು. ತುಂಬಾ ಅಪರೂಪ. ವಿದ್ಯಾರ್ಥಿಯಾಗಿದ್ದಾಗ ಒಬ್ಬರಲ್ಲಿ ನೋಡಿದ್ದೆ. ಇದು ಎರಡನೇದು."

"ಅಷ್ಟು ಹಿಂದೆ ನೋಡಿದ್ದು ಹೇಗೆ ನೆನಪಿತ್ತು ಸಾರ್?"

"ನೆನಪಿರಲಿಲ್ಲ. ಹೋದ ವಾರ ನೀವು ಹೋದ ಮೇಲೆ ಪುಸ್ತಕ ತೆಗೆದೆ."

ಮೂವತ್ತು ವರ್ಷ ಬಾಯಿ ನೋಡಿದ ವೈದ್ಯರು ಪುಸ್ತಕ ತೆಗೆದು ಓದಿದೆ ಎಂದು ನನ್ನಂಥವನೆದುರು ಹೇಳಿಕೊಂಡರು. ಆ ಮಾತು ಕೇಳಿ ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ.

"ಸಾಹೇಬ್ರೇ, ಇದು ಇನ್ನೊಬ್ರಿಗೆ ಅಂಟ್ತದಾ?" ಹನುಮಕ್ಕ ಕೇಳಿದರು.

"ಅಂಟಲ್ಲ."

"ಕೂಸುಗಳ್ನ ಮುಟ್ಬೋದಾ?"

"ಮುಟ್ಟಬಹುದು, ಎತ್ತಿಕೊಳ್ಳಬಹುದು, ಮುದ್ದು ಮಾಡಬಹುದು. ಆದರೆ ನನ್ನ ಕಣ್ಣು ಸರಿ ಅಂದ್ರೆ ಸಾಲದು ಅಮ್ಮಾ. ಒಂದು ಚೂರು ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ. ಈ ಕಾಯಿಲೆ ಹಳೇದಾದ್ರೆ ಕೆಲವರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಬರೋದುಂಟು. ಅದು ಇಲ್ಲ ಅಂತ ಗೊತ್ತಾಗಬೇಕು."

ಹನುಮಕ್ಕ ಹೆದರಲಿಲ್ಲ. "ಕೊಯ್ಯಿ ಸಾಹೇಬ್ರೇ, ಏನೈತೆ ಅಂತ ತಿಳಿದ್ರೆ ಸಾಕು" ಎಂದು ಕಣ್ಣು ಮುಚ್ಚಿದರು. ಮರಗಟ್ಟಿಸುವ ಸೂಜಿ ಹಾಕಿ, ಒಂದು ಕಾಳಿನಷ್ಟು ತೆಗೆದು, ಎರಡು ಹೊಲಿಗೆ ಹಾಕಿದರು. ಆ ಚೂರು ಸೀಸೆಯಲ್ಲಿ ಬೆಂಗಳೂರಿಗೆ ಹೋಗಿ, ವರದಿ ವಾಪಸ್ಸು ಬರುವಷ್ಟರಲ್ಲಿ ಜಯಮ್ಮನಿಗೆ ಏಳು ತಿಂಗಳು ತುಂಬಿತ್ತು. ತುಟಿಯ ಎಂಜಲು ಗ್ರಂಥಿಗಳ ಉರಿಯೂತ ಎಂದು ವರದಿ ಹೇಳಿತು. ಕುಷ್ಠ ಇಲ್ಲ, ಕ್ಯಾನ್ಸರ್ ಇಲ್ಲ. ಬಿಸಿಲಿಗೆ ತುಟಿ ಒಡ್ಡಬಾರದು, ಕಡ್ಡಿಪುಡಿ ತಂಬಾಕು ಬಿಡಬೇಕು, ಬಿಳಿ ಮುಲಾಮು ಹಚ್ಚಬೇಕು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಸಾಹೇಬರು ಹೇಳಿದರು. ಪೂರ್ತಿ ವಾಸಿಯಾಗುತ್ತದೆ ಎಂದು ಅವರು ಸುಳ್ಳು ಭರವಸೆ ಕೊಡಲಿಲ್ಲ.

ನಾನು ವರದಿ ಜೇಬಿಗೆ ಹಾಕಿಕೊಂಡು ಚೌಳಹಿರಿಯೂರಿಗೆ ಹೋದೆ. ಎಲ್ಲ ಸರಿಹೋಯಿತು ಎಂಬ ಹುರುಪು. ಕೆಂಚಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಕಾಗದ ಬಿಚ್ಚಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ರೋಗ ಐತೆ ಅಂತ ಬರ್ದೋರೂ ನೀವೇ. ಇಲ್ಲ ಅನ್ನೋರೂ ನೀವೇ. ನಾನು ಯಾವ್ದನ್ನ ನಂಬ್ಲಿ?"

"ಅದು ನನ್ನ ತಪ್ಪು ಕೆಂಚಮ್ಮ. ಇದು ದೊಡ್ಡ ಡಾಕ್ಟರು ಬರೆದದ್ದು."

"ಇರ್ಲಿ. ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ನಿಮ್ಮನೆಯೋರೂ ತುಂಬಿದ ಬಸುರಿ ಅಂತ ಕೇಳಿದೀನಿ. ಅವ್ರ ಹೆರಿಗೆ ಹನುಮಕ್ಕನ ಕೈಲಿ ಮಾಡಿಸ್ತೀರಾ?"

ಉತ್ತರ ನನ್ನ ಬಾಯಿಂದ ಹೊರಡಲಿಲ್ಲ. ಸುಳ್ಳು ಹೇಳುವುದಿಲ್ಲ, ಒಳಗೆ ಎಲ್ಲೋ ಹೆದರಿಕೆ ಇತ್ತು. ವರದಿ ನನ್ನ ಕೈಯಲ್ಲೇ ಇತ್ತು, ಹನಿಗಳನ್ನು ನನ್ನ ಕಣ್ಣಾರೆ ನೋಡಿದ್ದೆ. ಆದರೂ ಹೆದರಿಕೆ. ಕೆಂಚಮ್ಮ ನನ್ನ ಮುಖ ನೋಡಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. "ಹೋಗ್ಬನ್ನಿ" ಎಂದರು.

ಮನೆಗೆ ಬಂದು ವಿಶಾಲಳಿಗೆ ಹೇಳಿದೆ. ಅವಳಿಗೆ ಎರಡನೇ ಬಸುರು, ಎಂಟು ದಾಟಿತ್ತು. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿ ಕೇಳಿದಳು, "ಅವರಿಗೆ ಆ ರೋಗ ಇದೆಯೋ ಇಲ್ಲವೋ?"

"ಇಲ್ಲ."

"ಮತ್ತೆ ಬಾಯಿ ಯಾಕೆ ಬರಲಿಲ್ಲ? ನಿಮ್ಮ ಕಾಗದ ನೀವೇ ನಂಬದಿದ್ರೆ ಆ ಹಳ್ಳಿ ಹೆಂಗಸು ಯಾಕ್ರೀ ನಂಬಬೇಕು? ನಾಳೆ ನನ್ನನ್ನ ಸಿಂಗಟಗೆರೆಗೆ ಕರ್ಕಂಡು ಹೋಗಿ."

ಮಾರನೆಯ ದಿನ ಬೆಳಗಿನ ಬಸ್ಸಿಗೆ ಹೋದೆವು. ಚುಚ್ಚೋ ಸಾರ್ ತನ್ನ ಬಸುರಿ ಹೆಂಡತಿಯನ್ನು ಹನುಮಕ್ಕನ ಮನೆಗೆ ಕರೆತಂದಿದ್ದಾನೆ ಎಂದು ಕ್ಷಣದಲ್ಲಿ ಊರು ತುಂಬ ಗೊತ್ತಾಯಿತು. ಬಾಗಿಲಲ್ಲಿ ಹೆಂಗಸರು ಬಂದು ನಿಂತರು. ವಿಶಾಲ ಎಲ್ಲರಿಗೂ ಕೇಳುವ ಹಾಗೆ, "ಹನುಮಕ್ಕಾ, ನನ್ನ ಹೆರಿಗೆ ನೀವೇ ಮಾಡಬೇಕು. ಅದಕ್ಕೇ ಬಂದೆ" ಎಂದಳು.

ಹನುಮಕ್ಕ ಒಳಗೆ ಚಾಪೆ ಹಾಸಿದರು. ಕೈ ತೊಳೆದು, ಅಂಗೈಯನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡರು. ನಾನು ಹೊರಗೆ ಜಗಲಿಯ ಮೇಲೆ ಕೂತೆ. ಈ ಒಂದು ಹೆರಿಗೆ ಆದರೆ ಸಾಕು, ಆಕೆಗೆ ಮಗಳು ಸಿಗುತ್ತಾಳೆ, ಕೆಲಸ ಸಿಗುತ್ತದೆ, ನನ್ನ ತಲೆಯ ಮೇಲಿನ ಹೊರೆ ಇಳಿಯುತ್ತದೆ ಎಂದು ಯೋಚಿಸುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಹನುಮಕ್ಕ ಹೊರಗೆ ಬಂದರು.

"ಸಾರ್, ಈ ಹೆರಿಗೆ ನಾನು ಮಾಡಾಕಿಲ್ಲ."

ಬಾಗಿಲಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. "ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈಯಿರಿ ಹನುಮಕ್ಕ" ಎಂದೆ.

"ಸಿಟ್ಟು ಅಲ್ಲ ಕಣ್ರೀ. ಕೂಸು ಅಡ್ಡ ಕೂತೈತೆ. ತಲೆ ನನ್ ಬಲಗೈಗೆ ಸಿಕ್ತದೆ, ಕುಂಡಿ ಎಡಗೈಗೆ. ದಿನ ಹತ್ರ ಬಂದೈತೆ, ತಿರುಗ್ತದೆ ಅನ್ನೋ ಧೈರ್ಯ ನಂಗಿಲ್ಲ. ಇದು ನನ್ ಕೈ ಮೀರಿದ್ದು. ಇವತ್ತೇ ಕಡೂರಿಗೆ ಹೋಗಿ ಡಾಕ್ಟ್ರಮ್ಮಂಗೆ ತೋರಿಸಿ. ನಾನೂ ಜೊತೆಗೆ ಬತ್ತೀನಿ."

ಆಕೆಗೆ ಬೇಕಾಗಿದ್ದದ್ದು ಇದೊಂದೇ ಹೆರಿಗೆ. ಊರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಹೂಂ ಎಂದಿದ್ದರೆ ಆ ಕ್ಷಣಕ್ಕೆ ಎಲ್ಲವೂ ಆಕೆಯದಾಗುತ್ತಿತ್ತು. ಆಕೆ ತಿಳಿದದ್ದನ್ನು ಹೇಳಿದರು. ನಾನು ತಿಳಿಯದ್ದನ್ನು ರಿಜಿಸ್ಟರಿನಲ್ಲಿ ಬರೆದವನು, ಜಗಲಿಯಿಂದ ಎದ್ದು ನಿಂತೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಕೂಸು ಅಡ್ಡವೇ ಇದೆ ಎಂದರು. ಹತ್ತು ದಿನದ ಮೇಲೆ ಆಪರೇಷನ್ ಮಾಡಿ ಮಗು ತೆಗೆದರು. ಗಂಡು. ಹೆಂಡತಿಯೂ ಮಗುವೂ ಉಳಿದರು. ಹನುಮಕ್ಕ ಅಲ್ಲಿಯವರೆಗೆ ನಮ್ಮ ಮನೆಯಲ್ಲೇ ಇದ್ದು, ಬಾಣಂತಿಗೆ ನೀರು ಹಾಕುವಷ್ಟು ದಿನವೂ ಇದ್ದು ಹೋದರು. ಮಗುವಿಗೆ ಎಣ್ಣೆ ತಿಕ್ಕುತ್ತಿದ್ದರು, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಮುಖವನ್ನು ಮಾತ್ರ ಮಗುವಿನ ಹತ್ತಿರ ತರುತ್ತಿರಲಿಲ್ಲ. ದೂರದಿಂದ ಬೆರಳು ತಾಗಿಸಿ ಲಟಿಕೆ ಮುರಿಯುತ್ತಿದ್ದರು. "ಅಂಟಲ್ಲ ಅಂತ ಸಾಹೇಬ್ರು ಹೇಳಿಲ್ವಾ?" ಎಂದು ವಿಶಾಲ ಕೇಳಿದರೆ, "ಹೇಳವ್ರೆ ಕಣವ್ವ, ಆದ್ರೂ ಬ್ಯಾಡ" ಎನ್ನುತ್ತಿದ್ದರು.

ನಾನು ಇನ್ನೊಂದು ಸಲ ಚೌಳಹಿರಿಯೂರಿಗೆ ಹೋದೆ. ಈ ಸಲ ಯಾವ ಕಾಗದವೂ ಇರಲಿಲ್ಲ. "ನಿಮ್ಮ ಪ್ರಶ್ನೆಗೆ ಉತ್ತರ ಕೊಡೋಕೆ ಬಂದೆ ಕೆಂಚಮ್ಮ. ನನ್ನ ಹೆಂಡತೀನ ಹನುಮಕ್ಕನ ಹತ್ರ ಕರ್ಕೊಂಡು ಹೋದೆ. ಅವರು ಹೆರಿಗೆ ಮಾಡಲ್ಲ ಅಂದ್ರು" ಎಂದು ನಡೆದದ್ದನ್ನೆಲ್ಲ ಹೇಳಿದೆ.

ಕೆಂಚಮ್ಮ ಕೂತಲ್ಲೇ ನನ್ನ ಕಡೆ ತಿರುಗಿದರು. ಆಮೇಲೆ, "ಕೈ ಇಟ್ಟು ನೋಡಿದ ದಿವ್ಸವೇ ಹೇಳಿದ್ಲಾ?" ಎಂದರು.

"ಆವತ್ತೇ. ಅಲ್ಲೇ. ಎಲ್ಲರ ಎದುರಿಗೆ."

"ನಂಗೊಬ್ಳು ಮಗಳಿದ್ಲು ಸಾರ್. ಅವ್ಳದ್ದೂ ಅಡ್ಡ ಕೂಸೇಯ. ಅವತ್ತಿನ ಸೂಲಗಿತ್ತಿ ನನ್ ಕೈಲಿ ಆಗಾಕಿಲ್ಲ ಅಂತ ಒಂದು ಮಾತು ಅನ್ಲಿಲ್ಲ. ಎರಡು ದಿನ ಇಟ್ಕಂಡಿದ್ಲು." ಸೆರಗಿನಿಂದ ಮುಖ ಒರೆಸಿಕೊಂಡರು. "ತಾಯಿ ಹೋಯ್ತು, ಕೂಸೂ ಹೋಯ್ತು."

ಅದೇ ವಾರ ಅವರೇ ಗಾಡಿ ಕಟ್ಟಿಸಿಕೊಂಡು, ಜಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಿಂಗಟಗೆರೆಗೆ ಬಂದರು. ಬಿಟ್ಟು ಹೋಗಲಿಲ್ಲ, ಹೆರಿಗೆಯವರೆಗೆ ಬೀಗಿತ್ತಿಯ ಮನೆಯಲ್ಲೇ ಉಳಿದರು. ಹನುಮಕ್ಕ ಮಗಳ ಹೊಟ್ಟೆ ಮುಟ್ಟಿ ನೋಡಿ, ತಲೆ ಕೆಳಗಿದೆ, ಇದು ನನ್ನ ಕೆಲಸ ಎಂದರಂತೆ. ಹೆಣ್ಣು ಮಗು ಹುಟ್ಟಿತು.

ಎಂಬತ್ತರ ದಶಕದಲ್ಲಿ ಹೊಸ ಮಾತ್ರೆಗಳು ಬಂದವು. ಕುಷ್ಠ ಪೂರ್ತಿ ವಾಸಿಯಾಗುವುದನ್ನು ಜನ ಕಣ್ಣಾರೆ ಕಂಡರು, ನಮ್ಮ ಕೆಲಸದ ರೀತಿಯೇ ಬದಲಾಯಿತು. ಈಗ ನೀವು ಫೋಟೋ ತೆಗೆದು ಕ್ಷಣದಲ್ಲಿ ದೊಡ್ಡವರಿಗೆ ಕಳಿಸುತ್ತೀರಿ. ಒಳ್ಳೆಯದೇ. ಕಳಿಸುವ ಮುಂಚೆ ತುಟಿ ಒರೆಸಿ ಒಂದು ನಿಮಿಷ ಕಾಯಿರಿ, ಅಷ್ಟೇ ನಾನು ಕೇಳುವುದು. ಮುಟ್ಟಬಹುದಾ ಎಂದು ಕೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.

ಜಯಮ್ಮನ ಮಗು ಹುಟ್ಟಿದ ಹನ್ನೊಂದನೇ ದಿನ ನಾನು ಮುಲಾಮು ಕೊಡಲು ಸಿಂಗಟಗೆರೆಗೆ ಹೋಗಿದ್ದೆ. ತುಟಿಯ ಊತ ಸ್ವಲ್ಪ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಹನುಮಕ್ಕ ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಮುಖ ಆಚೆ ತಿರುಗಿಸಿ, ಬೆರಳಿನಿಂದ ಕೆನ್ನೆ ಸವರುತ್ತಿದ್ದರು. ಕೆಂಚಮ್ಮ ನೋಡಿ ನೋಡಿ ರೇಗಿದರು.

"ಅದ್ಯಾಕೆ ಹಂಗೆ ದೂರ ದೂರ ಮಾಡ್ತೀಯೆ? ನಿನ್ ಮಗಳ ಮಗಳು. ಒಂದು ಮುತ್ತು ಕೊಡೇ."

"ಬ್ಯಾಡ ಬೀಗಿತ್ತಿ. ಈ ತುಟೀಲಿ..."

"ಆ ತುಟೀಲಿ ಏನೂ ಇಲ್ಲ ಅಂತ ನಾನೇ ಹೇಳ್ತಿದೀನಲ್ಲ. ಕೊಡು!"

ಹನುಮಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ಅಪ್ಪಣೆ ಕೇಳುವ ನೋಟ ಅದು. ನನ್ನ ಒಂದು ಸಾಲು ಬರಹ ಆ ದೊಡ್ಡ ಜೀವವನ್ನು ಎಲ್ಲಿಗೆ ತಂದು ನಿಲ್ಲಿಸಿತ್ತು ಎಂದು ಆಗ ಪೂರ್ತಿ ಅರ್ಥವಾಯಿತು. ಸ್ವಂತ ಮೊಮ್ಮಗಳಿಗೆ ಮುತ್ತು ಕೊಡಲು ನನ್ನಂಥವನ ಅಪ್ಪಣೆ! ನನಗೆ ತಲೆಯಾಡಿಸಲು ಆಗಲಿಲ್ಲ. ಎದ್ದು ನಿಂತು ಕೈ ಮುಗಿದೆ.

ಹನುಮಕ್ಕ ನಿಧಾನವಾಗಿ ಬಗ್ಗಿ ಮಗುವಿನ ಹಣೆಗೆ ತುಟಿ ಒತ್ತಿದರು. ಬಹಳ ಹೊತ್ತು ತಲೆಯೆತ್ತಲಿಲ್ಲ.